ವೃದ್ಧಾಪ್ಯದ ಖಿನ್ನತೆ ಮತ್ತು ಸೂಚಿಚಿಕಿತ್ಸೆ

ಸೂಚಿಚಿಕಿತ್ಸೆಯೆಂಬುದು, ಒಳಗೆ ಔಷಧವನ್ನು ಹೊರದ ಅತಿ ಸಣ್ಣ ಉಕ್ಕಿನ ಸೂಜಿಗಳನ್ನು ಶರೀರದ ಗೊತ್ತಾದ ಎಡೆಗಳಲ್ಲಿ ಚರ್ಮದೊಳಕ್ಕೆ ಇಳಿಸಿ, ಕೆಲಹೊತ್ತು ಅಲ್ಲಿಯೇ ನಿಲ್ಲಿಸಿ, ಬಳಿಕ ಹೊರತೆಗೆಯುವುದರ ಮೂಲಕ ರೋಗಶಮನವನ್ನು ಸಾಧಿಸಹೊರಟ, ಚೀನಾದೇಶದಲ್ಲಿ ಹುಟ್ಟಿ ಬೆಳೆದು ಈಗ ಲೋಕದ ನಾನಾ ಭಾಗಗಳಲ್ಲಿ ಆಚರಣೆಯಲ್ಲಿರುವ ಒಂದು ಪ್ರಾಚೀನ ವೈದ್ಯಪದ್ಧತಿ. ಕನ್ನಡದಲ್ಲಿ ಇದು ಅಕ್ಯುಪಂಕ್ಚರ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತ. ನೋವಿನ ಉಪಶಮನಕ್ಕೆಂದು ಹೆಸರಾದ ಈ ಪದ್ಧತಿಯನ್ನು ಮನಸ್ಸಿನ ವ್ಯಾಧಿಗಳಿಗೂ, ಅವುಗಳಲ್ಲಿ ವಿಶೇಷವಾಗಿ ಖಿನ್ನತೆಗೂ, ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಅರುವತ್ತು ದಾಟಿದವರ ಖಿನ್ನತೆಯಲ್ಲಿ ಇದರಿಂದ ಎಷ್ಟರ ಮಟ್ಟಿನ ಪ್ರಯೋಜನವುಂಟು, ಇದನ್ನು ನೆಚ್ಚಬಹುದಾದ ಎಡೆ ಯಾವುದು, ನೆಚ್ಚಬಾರದ ಎಡೆ ಯಾವುದು ಎಂಬುದನ್ನು, ವಿಜಯಪುರದ ಸೀಮೆಯನ್ನು, ಅದರಲ್ಲಿಯೂ ಬಬಲೇಶ್ವರ ತಾಲೂಕಿನ ಕಾಖಂಡಕಿಯನ್ನು ಕಣ್ಣಮುಂದಿರಿಸಿಕೊಂಡು ಇಲ್ಲಿ ವಿಚಾರಿಸಲಾಗಿದೆ.

ಕಾಖಂಡಕಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುವು ಎರಡು: ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ (ಇಂದಿನ ವಿಜಯಪುರದ) ಆದಿಲಶಾಹಿಯ ಅಧಿಕಾರಪದವಿಯನ್ನು ತೊರೆದು ಬಂದು ಇಲ್ಲಿ ನೆಲಸಿ, ಹರಿದಾಸರ ಸಾಲಿನಲ್ಲಿ ನಿಂತು ಪದಗಳನ್ನು ಹಾಡಿದ ಮಹಿಪತಿದಾಸರು, ಮತ್ತು ಕಾರಹುಣ್ಣಿಮೆಯ ತರುವಾಯ ನಡೆಯುವ, ಸುತ್ತಣ ಹಳ್ಳಿಗಳ ಜನವೆಲ್ಲ ನೆರೆಯುವ, ಎತ್ತುಗಳನ್ನು ಓಡಿಸುವ ಕರಿಯ ಹಬ್ಬ. ಕರಿಯ ದಿನ ಊರ ಓಣಿಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ, ಮಾಳಿಗೆಗಳ ಮೇಲೆಲ್ಲ ಜನ. ಆದರೆ ಮಳೆ ಕೈಕೊಟ್ಟ ವರುಷದಲ್ಲಿ ಇಲ್ಲವೆ ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಈ ಎರೆನೆಲದ ಹಳ್ಳಿಗಳನ್ನು ಹೊಕ್ಕು ನೋಡಿದವರಿಗೆ ಕಾಣುವುದು ಬೇರೆಯೇ ಚಿತ್ರ: ದುಡಿಯಬಲ್ಲ ಗಂಡುಹೆಣ್ಣುಗಳು ಗೋವಾ, ಪುಣೆ, ಮುಂಬಯಿ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗಿ, ಮನೆಯಲ್ಲಿ ಉಳಿದವರು ಮುಪ್ಪಿನವರು, ಶಾಲೆಗೆ ಹೋಗುವ ಮೊಮ್ಮಕ್ಕಳು, ಮಾರಲಾಗದ ಒಂದೆರಡು ದನ. ಈ ಮನೆಗಳ ಪಡಸಾಲೆಯ ಹೊರಸಿನ ಮೇಲೆ, ಗೋಡೆಯ ಕಡೆಗೆ ಮುಖಮಾಡಿ, ಬೇಸಿಗೆಯಲ್ಲಿಯೂ ಕೌದಿ ಹೊದ್ದು ಮಲಗಿರುವ ಅಜ್ಜ ಅಜ್ಜಿಯರನ್ನು ಕಂಡು ಬಂದವರು, ಅದು ಮುಪ್ಪು ಎಂದು ತಿಳಿದು ಹಿಂದಿರುಗುತ್ತಾರೆ. ಹೀಗೆ ತಿಳಿಯುವುದರಲ್ಲಿಯೇ ಅನರ್ಥದ ಮೂಲವಿದೆ.

ಮುಪ್ಪು ರೋಗವಲ್ಲ, ಖಿನ್ನತೆ ರೋಗ. ಎರಡು ವಾರಗಳಿಗೂ ಮೀರಿ, ದಿನದ ಬಹುಭಾಗವೆಲ್ಲ, ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ಜೊತೆಗೆ ನಿದ್ರೆ ಹಸಿವುಗಳ ಕೇಡು, ಶಕ್ತಿಹೀನತೆ, ತಾನು ಯಾರಿಗೂ ಬೇಡವಾದವನೆಂಬ ಭಾವ, ಏಕಾಗ್ರತೆಯ ನಾಶ, ಸಾವಿನ ಯೋಚನೆ ಇವುಗಳಲ್ಲಿ ಹಲವು ಕೂಡಿ ಬಂದಾಗ ವೈದ್ಯರು ಅದನ್ನು ಖಿನ್ನತೆಯೆಂದು ಗುರುತಿಸುತ್ತಾರೆ. ಎಳೆಯರಲ್ಲಿ ಈ ರೋಗ ದುಃಖದ ಮಾತಿನಲ್ಲಿ ಪ್ರಕಟವಾದರೆ, ವೃದ್ಧರಲ್ಲಿ ಅದು ಬಹುಮಟ್ಟಿಗೆ ಶರೀರದ ಭಾಷೆಯನ್ನೇ ಆಡುತ್ತದೆ. "ಏನ್ ಹೇಳ್ಲೆಪಾ, ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಯದ, ರೊಟ್ಟಿ ಬಾಯಾಗ ತಿರಗೂದಿಲ್ಲ, ರಾತ್ರಿ ಎರಡ ಬಡಿದ್ರ ಕಣ್ಣ ತೆರೀತಾವ" ಎಂದು ಈ ಸೀಮೆಯ ಮುದುಕಿ ಹೇಳಿದಳೆಂದರೆ, ದುಃಖವೆಂಬ ಶಬ್ದ ಅದರಲ್ಲಿ ಒಂದು ಸಲವೂ ಬರದಿದ್ದರೂ, ಕೇಳುವ ಕಿವಿಯುಳ್ಳ ವೈದ್ಯನಿಗೆ ರೋಗದ ಹಲವು ಲಕ್ಷಣಗಳು ಆ ಒಂದೇ ವಾಕ್ಯದಲ್ಲಿ ದೊರೆತುವು. ಅವಳ ಮಗ ಕೂಡಲೇ "ವಯಸ್ಸಾತಲ್ರೀ, ಇನ್ನ ಹಿಂಗ" ಎಂದುಬಿಟ್ಟರೆ, ಮತ್ತು ವೈದ್ಯನು ಅದಕ್ಕೆ ತಲೆದೂಗಿ ಶಕ್ತಿಯ ಗುಳಿಗೆ ಬರೆದುಕೊಟ್ಟರೆ, ಆ ವಾಕ್ಯವು ವ್ಯರ್ಥವಾಯಿತು. ಕೆಲವರಲ್ಲಿ ಮರೆವೇ ಮುಂದಾಗಿ ತೋರಿ, ಖಿನ್ನತೆಯು ಮರೆಗುಳಿರೋಗದ (ಡಿಮೆನ್ಶಿಯಾ) ವೇಷವನ್ನು ತೊಡುವುದೂ ಉಂಟು. ಅಂಥ ಮರೆವು ಚಿಕಿತ್ಸೆಯಿಂದ ಹಿಮ್ಮೆಟ್ಟಬಲ್ಲುದಾದ್ದರಿಂದ ಈ ಭೇದವನ್ನು ಅರಿಯುವುದು ಅತ್ಯವಶ್ಯ. ಹಾಗೆಯೇ ಥೈರಾಯ್ಡ್ ಗ್ರಂಥಿಯ ಮಂದತೆ, ಬಿ12 ಜೀವಸತ್ತ್ವದ ಕೊರತೆ, ಪಾರ್ಶ್ವವಾಯು, ಪಾರ್ಕಿನ್ಸನ್ ರೋಗ, ಮತ್ತು ಬೇರೆ ರೋಗಗಳಿಗೆಂದು ಕೊಟ್ಟ ಕೆಲವು ಔಷಧಗಳು ಖಿನ್ನತೆಯನ್ನು ತರಬಲ್ಲವು, ಅಥವಾ ಅದನ್ನು ಅನುಕರಿಸಬಲ್ಲವು.

ಇದರ ವ್ಯಾಪ್ತಿ ಅಲ್ಪವಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರುವತ್ತು ದಾಟಿದವರು 10 ಕೋಟಿಗೂ ಮೇಲ್ಪಟ್ಟಿದ್ದರು. ಕರ್ನಾಟಕದಲ್ಲಿ ಅವರ ಪ್ರಮಾಣ ನೂರಕ್ಕೆ 9.5ರಷ್ಟು. ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017-18ರಲ್ಲಿ ನಡೆಸಿದ, ದೇಶದ ವಯೋವೃದ್ಧರನ್ನು ಕುರಿತ ದೀರ್ಘಾವಧಿ ಅಧ್ಯಯನದ ಮೊದಲ ಸುತ್ತಿನಲ್ಲಿ, ಪ್ರಶ್ನಾವಳಿಯ ಮೂಲಕ ಪರೀಕ್ಷಿಸಿದಾಗ ಅರುವತ್ತು ದಾಟಿದವರಲ್ಲಿ ನೂರಕ್ಕೆ 8.3 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡುಬಂದುವು. ಆದರೆ ವೈದ್ಯರು ತಮಗೆ ಖಿನ್ನತೆಯಿದೆಯೆಂದು ಹೇಳಿದ್ದಾರೆಂದು ತಿಳಿಸಿದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಈ ಎರಡು ಅಂಕಿಗಳ ನಡುವಣ ಅಂತರವೇ ಪಡಸಾಲೆಯ ಆ ಹೊರಸು.

ನಮ್ಮ ಪೂರ್ವಿಕರು ಈ ವ್ಯಾಧಿಯನ್ನು ಅರಿಯದವರಲ್ಲ. ಚರಕಸಂಹಿತೆಯು ಕೇವಲ ವಾತದಿಂದ ಹುಟ್ಟುವ ಎಂಬತ್ತು ವಿಕಾರಗಳನ್ನು ಎಣಿಸುವಾಗ ವಿಷಾದವನ್ನೂ ಅವುಗಳೊಡನೆ ಹೇಳುತ್ತದೆ; ವೃದ್ಧಾಪ್ಯವು ವಾತಪ್ರಧಾನವಾದ ವಯಸ್ಸೆಂಬುದು ಆಯುರ್ವೇದದ ಸಾಮಾನ್ಯ ಸಿದ್ಧಾಂತವಾದ್ದರಿಂದ, ಮುಪ್ಪಿಗೂ ವಿಷಾದಕ್ಕೂ ಅವರು ಕಂಡ ನಂಟು ತಾನಾಗಿಯೇ ಸ್ಪಷ್ಟವಾಗುತ್ತದೆ. ವಿಜಯಪುರಕ್ಕೆ ಇನ್ನೊಂದು ವೈದ್ಯಪರಂಪರೆಯ ಬಳುವಳಿಯೂ ಉಂಟು. ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇತಿಹಾಸವನ್ನು ಬರೆದು ಪ್ರಖ್ಯಾತನಾದ ಫಿರಿಸ್ತಾ ವೈದ್ಯನೂ ಆಗಿದ್ದು, ಭಾರತೀಯ ವೈದ್ಯವನ್ನು ಕುರಿತು ಪಾರಸೀ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದನು. ಯುನಾನಿ ವೈದ್ಯರು ಖಿನ್ನತೆಯನ್ನು ಕರಿಪಿತ್ತದ ವಿಕಾರವೆಂದು ಬಗೆದು, ಪಥ್ಯ, ಪರಿಮಳ, ಸಂಗೀತ ಮತ್ತು ರಕ್ತಮೋಕ್ಷಗಳಿಂದ ಉಪಚರಿಸುತ್ತಿದ್ದರು. ಹಳ್ಳಿಯ ಮಟ್ಟದಲ್ಲಿ ಕೊಂಬು ಹಚ್ಚುವುದು, ಚುಟಿಗೆ ಹಾಕುವುದು ಮೊದಲಾದುವು ಬಳಕೆಯಲ್ಲಿದ್ದು ಈಗ ಬಹುಮಟ್ಟಿಗೆ ಅಳಿದಿವೆ. ಚರ್ಮದ ಮೇಲೆ ಮಾಡಿದ ಕ್ರಿಯೆ ಒಳಗಣ ಬೇನೆಯನ್ನು ಎಳೆಯುತ್ತದೆಂಬ ನಂಬುಗೆ ಈ ಎಲ್ಲದರ ಹಿಂದೆಯೂ ಇದ್ದು, ಸೂಜಿಯ ಚಿಕಿತ್ಸೆ ಈ ನಾಡಿಗೆ ಬಂದಾಗ ಅದು ಜನಕ್ಕೆ ಪೂರಾ ಪರಕೀಯವಾಗಿ ತೋರದಿರಲು ಅದೂ ಒಂದು ಕಾರಣವಾಗಿರಬೇಕು. ಸೂಚಿಚಿಕಿತ್ಸೆಯೇ ಭಾರತದಿಂದ ಚೀನಕ್ಕೆ ಹೋಯಿತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಸುಶ್ರುತನು ಹೇಳುವ ಸೂಚಿಗಳು ಗಾಯವನ್ನು ಹೊಲಿಯುವುವಾಗಿ, ಸಿರಾವೇಧವು ರಕ್ತವನ್ನು ಹರಿಸುವುದಾಗಿ, ಇವೆರಡೂ ಬೇರೆಯ ಕ್ರಿಯೆಗಳಾದ್ದರಿಂದ ಆ ವಾದಕ್ಕೆ ಆಧಾರ ಸಾಲದು.

ಚೀನಾದಲ್ಲಿ ಈ ವಿದ್ಯೆಯ ಶಾಸ್ತ್ರೀಯ ರೂಪ ಮೊದಲು ಕಾಣುವುದು ಕ್ರಿಸ್ತಪೂರ್ವ ಎರಡು-ಒಂದನೆಯ ಶತಮಾನಗಳ ಸುಮಾರಿಗೆ ಸಂಕಲಿತವಾದ 'ಹ್ವಾಂಗ್‌ದಿ ನೇಯ್‌ಜಿಂಗ್' ಎಂಬ ಗ್ರಂಥದಲ್ಲಿ. 'ಛೀ' ಎಂಬ ಪ್ರಾಣಶಕ್ತಿಯು ಹನ್ನೆರಡು ಮುಖ್ಯ ನಾಳಗಳಲ್ಲಿ ಸಂಚರಿಸುತ್ತದೆ, ಅದರ ಸಂಚಾರ ಕಟ್ಟಿಕೊಂಡಾಗ ರೋಗ ಹುಟ್ಟುತ್ತದೆ, ನಾಳಗಳ ಮೇಲಣ ಬಿಂದುಗಳನ್ನು ಚುಚ್ಚಿದಾಗ ಕಟ್ಟು ಬಿಡುತ್ತದೆ ಎಂಬುದು ಇದರ ಮೂಲಕಲ್ಪನೆ. ಖಿನ್ನತೆಗೆ ಅವರು ಇಟ್ಟ ಹೆಸರಿನಲ್ಲಿಯೇ ಕಟ್ಟಿಕೊಂಡಿರುವುದು ಎಂಬ ಅರ್ಥವಿದೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಬಿಂದುಗಳನ್ನು ಗುರುತಿಸಿದ ಕಂಚಿನ ಮಾನವಪ್ರತಿಮೆಯನ್ನು ಎರಕಹೊಯ್ದು ಶಿಷ್ಯರಿಗೆ ಕಲಿಸಿದರು. 1822ರಲ್ಲಿ ಅರಸರೇ ಇದನ್ನು ರಾಜವೈದ್ಯಶಾಲೆಯಿಂದ ಹೊರಹಾಕಿದರು. 1950ರ ದಶಕದಲ್ಲಿ, ವೈದ್ಯರ ಅಭಾವದಿಂದ ಬಳಲುತ್ತಿದ್ದ ನವಚೀನದ ಸರಕಾರವು ಇದನ್ನು ಮತ್ತೆ ಮೇಲೆತ್ತಿತು. ಸೂಜಿಯ ಜೊತೆಗೆ ಮಾಕ್ಸಾ ಎಂಬ ಒಣಗಿದ ಗಿಡಮೂಲಿಕೆಯನ್ನು ಹೊಗೆಯಾಡಿಸಿ ಬಿಂದುಗಳಿಗೆ ಶಾಖ ಕೊಡುವುದೂ ಉಂಟು. ಆ ಮೂಲಿಕೆ ನಮ್ಮ ದವನದ ಜಾತಿಗೇ ಸೇರಿದುದು.

ಈ ವಿದ್ಯೆ ಭಾರತಕ್ಕೆ ಬಂದ ದಾರಿ ವಿಜಯಪುರದವರಿಗೆ ಹತ್ತಿರದ್ದೆನ್ನಬೇಕು. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ ನೆರವಾಗಲೆಂದು, ಜವಾಹರಲಾಲ ನೆಹರೂ ಮತ್ತು ಸುಭಾಷಚಂದ್ರ ಬೋಸರ ಪ್ರೇರಣೆಯಿಂದ, ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು 1938ರಲ್ಲಿ ಐವರು ವೈದ್ಯರ ತಂಡವೊಂದನ್ನು ಕಳುಹಿಸಿತು. ಅವರಲ್ಲೊಬ್ಬರು, ವಿಜಯಪುರದಿಂದ ಉತ್ತರಕ್ಕೆ ಭೀಮೆಯನ್ನು ದಾಟಿದರೆ ಸಿಗುವ, ಕನ್ನಡ ಮರಾಠಿ ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು. ಶಸ್ತ್ರವೈದ್ಯರಾಗಿದ್ದ ಅವರು ಚೀನೀ ಸೈನಿಕರ ಶುಶ್ರೂಷೆಯಲ್ಲಿಯೇ ದೇಹವನ್ನು ಸವೆಯಿಸಿ, ಹಿಂದಿರುಗದೆ, 1942ರ ಡಿಸೆಂಬರಿನಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು, ವಿ. ಶಾಂತಾರಾಮರು 1946ರಲ್ಲಿ ಅವರ ಕಥೆಯನ್ನು ಚಲಚ್ಚಿತ್ರವಾಗಿಸಿದರು. ಕೋಟ್ನೀಸರು ಸ್ವತಃ ಸೂಚಿವೈದ್ಯರಾಗಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆದರೆ ಅದೇ ತಂಡದಲ್ಲಿದ್ದು ಜೀವಸಹಿತ ಹಿಂದಿರುಗಿದ ಕಲಕತ್ತೆಯ ಬಿಜಯಕುಮಾರ ಬಸುಗಳು 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಚಿಚಿಕಿತ್ಸೆಯನ್ನು ಕಲಿತು ಬಂದು, ಕಲಕತ್ತೆಯಲ್ಲಿ ಅದನ್ನು ಆಚರಿಸಿ, ಶಿಷ್ಯರಿಗೆ ಕಲಿಸಿದರು. ಕೋಟ್ನೀಸರ ಸ್ಮಾರಕ ಸಮಿತಿಯ ಕಾರ್ಯಕರ್ತರು ಬಂಗಾಳದಲ್ಲಿಯೂ ಹೊರಗೂ ಅದನ್ನು ಹರಡಿದರು, ಪಂಜಾಬದ ಲುಧಿಯಾನದಲ್ಲಿ ಕೋಟ್ನೀಸರ ಹೆಸರಿನ ಸೂಚಿಚಿಕಿತ್ಸಾಲಯವೇ ಹುಟ್ಟಿತು. ಹೀಗೆ ಸೊಲ್ಲಾಪುರದ ಮಗನೊಬ್ಬನ ತ್ಯಾಗದ ಸ್ಮರಣೆಯ ಬೆನ್ನೇರಿ ಈ ಚಿಕಿತ್ಸೆ ನಮ್ಮ ದೇಶದಲ್ಲಿ ನೆಲೆಗೊಂಡಿತು.

ಕಾನೂನಿನ ಸ್ಥಾನಮಾನವನ್ನು ಹೇಳುವುದಾದರೆ, ಭಾರತ ಸರಕಾರದ ಆರೋಗ್ಯ ಸಚಿವಾಲಯವು 2003ರಲ್ಲಿ ಇದನ್ನು ಒಂದು ಚಿಕಿತ್ಸಾವಿಧಾನವೆಂದು ಒಪ್ಪಿ, ನೋಂದಾಯಿತ ವೈದ್ಯರು ಅಥವಾ ತಕ್ಕ ಶಿಕ್ಷಣ ಪಡೆದವರು ಮಾತ್ರ ಆಚರಿಸಬಹುದೆಂದಿತು. 2019ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯು ಇದಕ್ಕೆ ಸ್ವತಂತ್ರ ಪದ್ಧತಿಯ ಮನ್ನಣೆಯನ್ನಿತ್ತಿತು. ಕರ್ನಾಟಕದಲ್ಲಿ ಇದನ್ನು ಮುಖ್ಯವಾಗಿ ಆಚರಿಸುವವರು, ಐದೂವರೆ ವರುಷಗಳ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಪದವಿಯನ್ನು ಪಡೆದ ವೈದ್ಯರು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಮಹಾವಿದ್ಯಾಲಯವು 1989ರಿಂದ ಈ ಶಿಕ್ಷಣವನ್ನು ನೀಡುತ್ತ ಬಂದಿದೆ. ಕೆಲವು ದಿನಗಳ ಶಿಬಿರದಲ್ಲಿ ಕಲಿತು ಫಲಕ ತೂಗುಹಾಕಿದವರೂ ಊರೂರಿನಲ್ಲಿ ಉಂಟಾದ್ದರಿಂದ, ಸೂಜಿ ಹಿಡಿದ ಕೈ ಯಾವ ಶಾಲೆಯಲ್ಲಿ ಕಲಿತುದೆಂದು ಕೇಳುವುದು ಅವಿನಯವಲ್ಲ, ರೋಗಿಯ ಹಕ್ಕು.

ಇನ್ನು ಚಿಕಿತ್ಸೆಯ ಕ್ರಮ. ನಮ್ಮ ಹಳ್ಳಿಗಳಲ್ಲಿ 'ಸೂಜಿ ಮಾಡಿಸುವುದು' ಎಂದರೆ ಇಂಜೆಕ್ಷನ್ನು. ಆದುದರಿಂದ ಸೂಜಿಯ ಚಿಕಿತ್ಸೆಯೆಂದ ಕೂಡಲೇ ಮುದುಕಿಯ ತೋಳು ತಾನಾಗಿಯೇ ಬಿಗಿಯಾಗುತ್ತದೆ, ಇಲ್ಲವೆ ಯಾವ ಔಷಧ ತುಂಬಿದ್ದೀರೆಂದು ಅವಳು ಕೇಳುತ್ತಾಳೆ. ಇಂಜೆಕ್ಷನ್ನಿನ ಸೂಜಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಮೀರಿ ದಪ್ಪ, ನಡುವೆ ಟೊಳ್ಳು, ತುದಿ ಓರೆಯಾಗಿ ಕತ್ತರಿಸಿದುದು. ಸೂಚಿವೈದ್ಯನ ಸೂಜಿಯಾದರೋ ಸುಮಾರು ಕಾಲು ಮಿಲಿಮೀಟರು ದಪ್ಪದ ಘನವಾದ ತಂತಿ. ಬೆರಳಿನಿಂದ ಒತ್ತಿದರೆ ಬಾಗುವಷ್ಟು ನವುರು. ಅದನ್ನು ಒಂದು ಸಣ್ಣ ಕೊಳವೆಯಲ್ಲಿಟ್ಟು ಚರ್ಮಕ್ಕೆ ತಾಗಿಸಿ, ಮೇಲಣ ತುದಿಯನ್ನು ತೋರುಬೆರಳಿನಿಂದ ಒಮ್ಮೆ ತಟ್ಟಿದರೆ ಅದು ಒಳಸೇರಿರುತ್ತದೆ. ಕೊಳವೆಯನ್ನು ತೆಗೆದು, ಬೇಕಾದ ಆಳಕ್ಕೆ ಮೆಲ್ಲನೆ ತಿರುಗಿಸುತ್ತ ಇಳಿಸುತ್ತಾರೆ. ಆಗ ಚುಚ್ಚಿದ ನೋವು ಬಹುಮಟ್ಟಿಗೆ ಇರುವುದಿಲ್ಲ. ಅದಕ್ಕೆ ಬದಲಾಗಿ, ಹೆಚ್ಚು ಹೊತ್ತು ಚಕ್ಕಳಬಕ್ಕಳ ಹಾಕಿ ಕುಳಿತೆದ್ದವನ ಕಾಲಿನಲ್ಲಾಗುವಂಥ ಜೋಮು, ಒಂದು ಭಾರ, ಹರಡುವ ಜುಮ್ಮೆನ್ನುವಿಕೆ ತೋರುತ್ತದೆ. ಈ ಅನುಭವ ಬಂದಾಗಲೇ ಸೂಜಿ ತನ್ನ ಎಡೆಯನ್ನು ಮುಟ್ಟಿತೆಂದು ಚೀನೀ ವೈದ್ಯರು ತಿಳಿಯುತ್ತಾರೆ. ಕೌದಿ ಹೊಲಿದು ಹೊಲಿದು ಬೆರಳ ತುದಿ ಗಟ್ಟಿಯಾದ ಹೆಂಗಸಿಗೆ ಈ ಸೂಜಿಯನ್ನು ಮೊದಲು ಕೈಯಲ್ಲಿ ಕೊಟ್ಟು ನೋಡಗೊಟ್ಟರೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ. ಇಷ್ಟು ಸಣ್ಣದರಲ್ಲಿ ದಾರ ಪೋಣಿಸುವುದು ಹೇಗೆಂದು ಅವಳು ಯೋಚಿಸತೊಡಗುತ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪಟ್ಟಿಯಲ್ಲಿರುವ ಬಿಂದುಗಳು 361. ಖಿನ್ನತೆಗೆ ಹೆಚ್ಚಾಗಿ ಆರಿಸಿಕೊಳ್ಳುವುವು ನೆತ್ತಿಯ ನಡುವಣ 'ಬಾಯ್‌ಹ್ವೇ', ಹುಬ್ಬುಗಳ ನಡುವೆ ಕುಂಕುಮವಿಡುವ ಎಡೆಯಲ್ಲಿರುವ 'ಯಿನ್‌ತಾಂಗ್', ಮಣಿಕಟ್ಟಿನ ಒಳಮಗ್ಗುಲ 'ಶೆನ್‌ಮೆನ್', ಮೊಣಕಾಲಿನ ಕೆಳಗಣ 'ಝೂಸಾನ್‌ಲಿ' ಮತ್ತು ಪಾದದ ಮೇಲಣ 'ತಾಯ್‌ಚೊಂಗ್'. ಸೂಜಿಗಳನ್ನಿಟ್ಟು ಇಪ್ಪತ್ತು ಮೂವತ್ತು ನಿಮಿಷ ಮಲಗಿಸುತ್ತಾರೆ. ಕೆಲವರು ಎರಡು ಸೂಜಿಗಳಿಗೆ ತಂತಿ ಸೇರಿಸಿ ಸೌಮ್ಯವಾದ ವಿದ್ಯುತ್ತನ್ನು ಹಾಯಿಸುತ್ತಾರೆ. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹನ್ನೆರಡು ವಾರಗಳವರೆಗೆ ಇದು ನಡೆಯುತ್ತದೆ.

ಇದು ಹೇಗೆ ಕೆಲಸಮಾಡಬಹುದೆಂಬುದಕ್ಕೆ ವಿವರಣೆಯಾಗಿ ನಾಳಗಳ ಕಲ್ಪನೆಯನ್ನು ಆಧುನಿಕ ಶರೀರಶಾಸ್ತ್ರ ಒಪ್ಪಿಲ್ಲ. ಶವಚ್ಛೇದ ಮಾಡಿ ನೋಡಿದವರಿಗೆ ಅಂಥ ನಾಳ ಕಂಡಿಲ್ಲ. ಆದರೆ ಪೆಕಿಂಗಿನ ಹಾನ್ ಜಿಶೆಂಗ್ ಮೊದಲಾದವರು 1970ರ ದಶಕದಿಂದ ನಡೆಸಿದ ಪ್ರಯೋಗಗಳಿಂದ, ಸೂಜಿಯ ಉತ್ತೇಜನದಿಂದ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವುನಿವಾರಕ ದ್ರವ್ಯಗಳು ಬಿಡುಗಡೆಯಾಗುವುವೆಂದು ತಿಳಿದುಬಂದಿತು. ನೋವಿನ ವಿಷಯದಲ್ಲಿ ಈ ವಿವರಣೆ ದೃಢವಾಗಿದ್ದರೂ, ಖಿನ್ನತೆಯ ವಿಷಯದಲ್ಲಿ ಸಿರೊಟೋನಿನ್ ಮೊದಲಾದ ದ್ರವ್ಯಗಳನ್ನು ಹೆಸರಿಸುವ ವಾದಗಳು ಹೆಚ್ಚಾಗಿ ಇಲಿಗಳ ಮೇಲಣ ಪ್ರಯೋಗಗಳನ್ನು ಅವಲಂಬಿಸಿವೆ.

ಪ್ರಯೋಜನದ ಸಾಕ್ಷ್ಯವನ್ನು ತೂಗುವಾಗ ಒಂದು ತೊಡಕನ್ನು ಮೊದಲು ಮನಗಾಣಬೇಕು. ಗುಳಿಗೆಯನ್ನು ಪರೀಕ್ಷಿಸುವಾಗ ಔಷಧವಿಲ್ಲದ ಹುಸಿಗುಳಿಗೆಯನ್ನು ಅದೇ ಬಣ್ಣ ಅದೇ ಆಕಾರದಲ್ಲಿ ಮಾಡಬಹುದು. ಸೂಜಿಗೆ ಹುಸಿಸೂಜಿಯನ್ನು ಮಾಡುವುದು ಕಷ್ಟ. ಬಿಂದುವಲ್ಲದ ಎಡೆಯಲ್ಲಿ ಚುಚ್ಚುವುದು, ಅಥವಾ ನಾಟಕದ ಕತ್ತಿಯಂತೆ ತನ್ನ ಹಿಡಿಯೊಳಕ್ಕೇ ಸರಿದುಕೊಳ್ಳುವ ಮೊಂಡುಸೂಜಿಯನ್ನು ತಾಗಿಸುವುದು ಎಂಬ ಉಪಾಯಗಳನ್ನು ಸಂಶೋಧಕರು ಹೂಡಿದ್ದಾರೆ. ಆದರೂ ಸೂಜಿಯಿಡುವ ವೈದ್ಯನಿಗೆ ತಾನು ಯಾವುದನ್ನು ಇಡುತ್ತಿದ್ದೇನೆಂಬುದು ತಿಳಿದೇ ಇರುತ್ತದೆ, ಅವನ ಮುಖದ ಭಾವವೂ ಚಿಕಿತ್ಸೆಯ ಒಂದು ಭಾಗವೇ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಈ ಶತಮಾನದ ಆದಿಯಲ್ಲಿ ಹೊರಬಂದ ಒಂದು ವರದಿಯು ಖಿನ್ನತೆಯನ್ನು, ಸೂಚಿಚಿಕಿತ್ಸೆ ಪರಿಣಾಮಕಾರಿಯೆಂದು ಸಿದ್ಧವಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಚಿಕಿತ್ಸಾಲಯಗಳ ಗೋಡೆಗಳ ಮೇಲೆ ಇಂದಿಗೂ ಕಾಣುವುದು ಆ ಪಟ್ಟಿಯೇ. ಅದು ಆಧರಿಸಿದ ಪ್ರಯೋಗಗಳು ಚಿಕ್ಕವೂ ದುರ್ಬಲವೂ ಆಗಿದ್ದುವೆಂದು ವಿಮರ್ಶಕರು ಆಕ್ಷೇಪಿಸಿದರು, ಮತ್ತು ಆ ಆಕ್ಷೇಪ ನ್ಯಾಯವಾದುದು. ಬಳಿಕ ಇಂಗ್ಲೆಂಡಿನ ಉತ್ತರಭಾಗದಲ್ಲಿ 755 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವು ಹೆಚ್ಚು ಗಟ್ಟಿಯಾದುದು: ರೂಢಿಯ ಚಿಕಿತ್ಸೆಯ ಜೊತೆಗೆ ವಾರಕ್ಕೊಂದರಂತೆ ಹನ್ನೆರಡು ಸಲದವರೆಗೆ ಸೂಜಿಯಿಡಿಸಿಕೊಂಡವರೂ, ಅಷ್ಟೇ ಸಲ ಆಪ್ತಸಲಹೆ ಪಡೆದವರೂ, ರೂಢಿಯ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಮೂರು ತಿಂಗಳಲ್ಲಿ ಹೆಚ್ಚು ಗುಣಹೊಂದಿದ್ದರು, ಸೂಜಿಗೂ ಸಲಹೆಗೂ ನಡುವೆ ಗಣನೀಯವಾದ ಭೇದ ಕಾಣಲಿಲ್ಲ. ವೈದ್ಯಪ್ರಯೋಗಗಳನ್ನು ಒಟ್ಟಾಗಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆಯು 7,104 ಮಂದಿ ಭಾಗವಹಿಸಿದ 64 ಪ್ರಯೋಗಗಳನ್ನು ಒಟ್ಟುಗೂಡಿಸಿ, ಏನೂ ಮಾಡದಿರುವುದಕ್ಕಿಂತ ಸೂಚಿಚಿಕಿತ್ಸೆ ಮಧ್ಯಮ ಪ್ರಮಾಣದಲ್ಲಿಯೂ, ಹುಸಿಸೂಜಿಗಿಂತ ಅಲ್ಪ ಪ್ರಮಾಣದಲ್ಲಿಯೂ ಖಿನ್ನತೆಯನ್ನು ತಗ್ಗಿಸಬಹುದೆಂದೂ, ಆದರೆ ಸಾಕ್ಷ್ಯದ ಗುಣಮಟ್ಟ ಬಹುಮಟ್ಟಿಗೆ ಕೆಳದರ್ಜೆಯದೆಂದೂ ತೀರ್ಮಾನಿಸಿತು.

ಇಂಗ್ಲೆಂಡಿನ ಪ್ರಯೋಗದ ಫಲ ಈ ಲೇಖಕನಿಗೆ ಅತ್ಯಂತ ಅರ್ಥವತ್ತಾಗಿ ತೋರುತ್ತದೆ. ಸೂಜಿಯೂ ಸಂಭಾಷಣೆಯೂ ಸರಿಸಮವಾಗಿ ಫಲಕೊಟ್ಟವೆಂದರೆ, ಎರಡಕ್ಕೂ ಸಮಾನವಾದ ಒಂದು ಅಂಶವಿರಬೇಕು. ವಾರಕ್ಕೊಮ್ಮೆ, ಹೇಳಿದ ದಿನ ಹೇಳಿದ ಹೊತ್ತಿಗೆ, ಒಬ್ಬ ಮನುಷ್ಯ ಇನ್ನೊಬ್ಬನ ಕಷ್ಟವನ್ನು ಕೇಳಿ, ಅವನಿಗಾಗಿ ಅರ್ಧ ಗಂಟೆಯನ್ನು ಮೀಸಲಿಟ್ಟನೆಂಬುದೇ ಆ ಅಂಶವೆಂದು ಊಹಿಸುವುದು ತಪ್ಪಾಗಲಾರದು. ವೃದ್ಧರ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ಮಾತನ್ನು ಸೇರಿಸಬೇಕು. ವಿಧವೆಯಾದ, ಮಕ್ಕಳು ದೂರವಾದ ಮುದುಕಿಯ ಶರೀರವನ್ನು ಪ್ರೀತಿಯಿಂದಾಗಲಿ ಎಚ್ಚರದಿಂದಾಗಲಿ ಮುಟ್ಟುವವರು ವರುಷಗಟ್ಟಲೆ ಇರುವುದಿಲ್ಲ. ಸೂಚಿವೈದ್ಯನು ಅವಳ ನಾಡಿಯನ್ನು ಎರಡು ಕೈಗಳಲ್ಲಿಯೂ ಹಿಡಿದು ನೋಡುತ್ತಾನೆ, ನಾಲಗೆ ಚಾಚಿಸಿ ನೋಡುತ್ತಾನೆ, ಮಣಿಕಟ್ಟನ್ನೂ ಪಾದವನ್ನೂ ಬೆರಳಿನಿಂದ ತಡವಿ ಎಡೆಯನ್ನು ಹುಡುಕುತ್ತಾನೆ. ಮೊದಲ ದಿನ ಸೀರೆಯ ಸೆರಗನ್ನು ಬಿಗಿಹಿಡಿದು ಮಲಗಿದವಳು ಮೂರನೆಯ ಸಲಕ್ಕೆ ತಾನಾಗಿಯೇ ಮಾತು ತೆಗೆಯುವುದು, ಸತ್ತ ಎತ್ತಿನ ಕಥೆಯನ್ನೋ ಫೋನು ಮಾಡದ ಮಗನ ಕಥೆಯನ್ನೋ ಹೇಳತೊಡಗುವುದು, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿದ್ದ ಸಂಗತಿ. ಇದನ್ನು ಬರಿಯ ಭ್ರಮೆಯ ಫಲವೆಂದು ತಳ್ಳಿಹಾಕುವುದು ಅವಿಚಾರ. ಇದನ್ನು ಸೂಜಿಯ ಮಹಿಮೆಯೆಂದು ಸಾರುವುದೂ ಅಷ್ಟೇ ಅವಿಚಾರ.

ವೃದ್ಧರನ್ನೇ ಪ್ರತ್ಯೇಕವಾಗಿ ತೆಗೆದುಕೊಂಡು ನಡೆಸಿದ ಪ್ರಯೋಗಗಳು ಕೆಲವೇ. ಅವು ಹೆಚ್ಚಾಗಿ ಚೀನಾದವು, ಭಾಗವಹಿಸಿದವರು ಕಡಿಮೆ, ಗಮನಿಸಿದ ಅವಧಿ ಅಲ್ಪ. ಹೀಗಿದ್ದರೂ ಮುಪ್ಪಿನಲ್ಲಿ ಇದನ್ನು ಬಯಸಲು ಒಂದು ಸಕಾರಣವುಂಟು. ಖಿನ್ನತೆಯ ಔಷಧಗಳು ವೃದ್ಧರಿಗೂ ಗುಣಕೊಡುತ್ತವೆ, ಆದರೆ ನಿಧಾನವಾಗಿ, ಕೆಲವು ವಾರಗಳು ಕಾದ ಮೇಲೆ. ಮತ್ತು ಈಗ ಸಾಮಾನ್ಯವಾಗಿ ಬಳಸುವ ವರ್ಗದ ಔಷಧಗಳು ಮುದುಕರಲ್ಲಿ ರಕ್ತದ ಉಪ್ಪಿನಂಶವನ್ನು ಇಳಿಸುವುದು, ತೂಕಡಿಸಿ ಬೀಳುವಂತೆ ಮಾಡುವುದು, ರಕ್ತದೊತ್ತಡಕ್ಕೂ ಸಿಹಿಮೂತ್ರಕ್ಕೂ ನುಂಗುವ ಇತರ ಗುಳಿಗೆಗಳೊಡನೆ ತೊಡಕಾಗುವುದು ಉಂಟು. ಸೂಜಿಗೆ ಈ ದೋಷಗಳಿಲ್ಲ. ಮೊಣಕಾಲು ನೋವು, ಬೆನ್ನುನೋವುಗಳು ಖಿನ್ನತೆಯನ್ನು ಹೆಚ್ಚಿಸುವ, ಖಿನ್ನತೆಯು ನೋವನ್ನು ಹೆಚ್ಚಿಸುವ ಚಕ್ರದಲ್ಲಿ ಸಿಕ್ಕ ಮುದುಕರಿಗೆ, ನೋವನ್ನು ತಗ್ಗಿಸುವ ದಾರಿಯಿಂದಲೂ ಇದು ಉಪಕಾರಿಯಾಗಬಹುದು. ಇಷ್ಟರಿಂದ ಔಷಧವನ್ನು ಬಿಡಿಸಿ ಸೂಜಿಯನ್ನು ಹಿಡಿಸುವುದು ಮಾತ್ರ ಸರ್ವಥಾ ಸಲ್ಲದು. ಊಟ ನೀರುಗಳನ್ನು ಬಿಟ್ಟವರು, ಇಲ್ಲದ ದನಿಗಳನ್ನು ಕೇಳುವವರು, ಸಾಯುವ ಮಾತನ್ನಾಡುವವರು, ಇವರಿಗೆ ಬೇಕಾದುದು ಮನೋವೈದ್ಯ, ಅದೂ ಆ ದಿನವೇ. ಹೊಲಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಕೈಗೆಟಕುವಂತಿರುವ ಸೀಮೆಯಲ್ಲಿ "ನನಗ ಜೀವ ಬ್ಯಾಡಾಗ್ಯದ" ಎಂಬ ಮುದುಕನ ಮಾತನ್ನು ಬೇಸರದ ಮಾತೆಂದು ಬಿಡುವುದು ಎಂದಿಗೂ ತಕ್ಕುದಲ್ಲ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೆನ್ನದೆ ಕನ್ನಡದಲ್ಲಿ ಮಾತಾಡಬಹುದು.

ಮನೋವೈದ್ಯ ದೂರವೆಂಬ ಮಾತು ಒಂದು ಕಾಲಕ್ಕೆ ಸತ್ಯವಾಗಿತ್ತು. ಈ ಭಾಗದವರಿಗೆ ಮನೋರೋಗವೆಂದರೆ ಧಾರವಾಡದ ಮಾನಸಿಕ ಆಸ್ಪತ್ರೆ, ಧಾರವಾಡವೆಂದರೆ ಅಪಕೀರ್ತಿ ಎಂಬಂತಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗಗಳನ್ನು ಗುರುತಿಸಿ ಉಪಚರಿಸಬಲ್ಲರೆಂದು ತೋರಿಸಿಕೊಟ್ಟಿತು. ಆ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ವಿಜಯಪುರ ನಗರದಲ್ಲಿ ಜಿಲ್ಲಾಸ್ಪತ್ರೆಯಲ್ಲದೆ ಅಲ್‌ಅಮೀನ್ ಮತ್ತು ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯಗಳೂ ಇವೆ. ಗೋವೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮ್ಮ ನೆರೆಯದಾದ್ದರಿಂದ ವಿಶೇಷವಾಗಿ ಸ್ಮರಣೀಯ: ಖಿನ್ನತೆಯ ಅಂಚಿನಲ್ಲಿದ್ದ ಅರುವತ್ತು ದಾಟಿದ 181 ಮಂದಿಯಲ್ಲಿ ಅರ್ಧದಷ್ಟು ಜನರ ಬಳಿಗೆ, ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಹೋಗಿ, ದಿನನಿತ್ಯದ ತೊಡಕುಗಳನ್ನು ಬಿಡಿಸುವ ಬಗೆ, ನಿದ್ರೆಯ ಕ್ರಮ, ಸರಕಾರದ ಸೌಲಭ್ಯ ಪಡೆಯುವ ದಾರಿ ಇವುಗಳನ್ನು ಹೇಳಿಕೊಟ್ಟರು. ವರುಷ ಕಳೆದಾಗ ಇವರಲ್ಲಿ ಖಿನ್ನತೆಗೆ ಬಿದ್ದವರು ನೂರಕ್ಕೆ ಸುಮಾರು 4. ಉಳಿದವರಲ್ಲಿ ಸುಮಾರು 14. ಯಾವ ಸೂಜಿಯೂ ಯಾವ ಗುಳಿಗೆಯೂ ಇಲ್ಲದ ಈ ಫಲವನ್ನು ಕಂಡಾಗ, ಕಾಖಂಡಕಿಯಂಥ ಊರಿನ ಆಶಾ ಕಾರ್ಯಕರ್ತೆ, ನಿಂತುಹೋದ ಸಂಧ್ಯಾಸುರಕ್ಷಾ ಪಿಂಚಣಿಯನ್ನು ಮತ್ತೆ ಬರುವಂತೆ ಮಾಡಿಕೊಡುವ ಗ್ರಾಮ ಆಡಳಿತಾಧಿಕಾರಿ, ಸಂಜೆಯ ಭಜನೆಗೆ ಮುದುಕನನ್ನು ಕೈಹಿಡಿದು ಕರೆದೊಯ್ಯುವ ನೆರೆಯವನು, ಇವರೆಲ್ಲರೂ ಚಿಕಿತ್ಸೆಯ ಅಂಗಗಳೆಂದು ಒಪ್ಪಬೇಕಾಗುತ್ತದೆ. ಮಹಿಪತಿದಾಸರ ಊರಿನಲ್ಲಿ ಭಜನೆಗೆ ಜನ ಕೂಡುವುದು ಹೊಸ ಸಂಗತಿಯೇನಲ್ಲ. ಅಲ್ಲಿಗೆ ಬರುವುದನ್ನು ನಿಲ್ಲಿಸಿದವರು ಯಾರೆಂದು ಗಮನಿಸುವುದೊಂದೇ ಹೊಸದಾಗಿ ಬೇಕಾದುದು.

ಸೂಚಿಚಿಕಿತ್ಸೆಗೆಂದು ಹಳ್ಳಿಯಿಂದ ವಿಜಯಪುರಕ್ಕೆ ಹನ್ನೆರಡು ಸಲ ಹೋಗಿಬರುವುದು ಮುದುಕರಿಗೆ ಸಣ್ಣ ಕೆಲಸವಲ್ಲ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವೆಂಬುದು ನಿಜ. ಆದರೆ ಜೊತೆಗೆ ಬರುವ ಮಗನ ಒಂದು ದಿನದ ಕೂಲಿ, ಏಪ್ರಿಲ್ ಮೇ ತಿಂಗಳ ಬಿಸಿಲು, ಬಸ್ಸಿನ ಎತ್ತರದ ಮೆಟ್ಟಿಲು, ಇವು ಹಾಗೆಯೇ ಉಳಿದಿವೆ. ಈ ಶ್ರಮದ ಲೆಕ್ಕವನ್ನು ಹಾಕದೆ ಯಾವ ಚಿಕಿತ್ಸೆಯನ್ನೂ ವೃದ್ಧರಿಗೆ ವಿಧಿಸಬಾರದು. ಆರು ಸಲದ ನಂತರವೂ ನಿದ್ರೆ, ಹಸಿವು, ಮಾತು ಈ ಮೂರರಲ್ಲಿ ಒಂದಾದರೂ ಸುಧಾರಿಸದಿದ್ದರೆ ಮುಂದುವರಿಸುವುದು ಉಚಿತವಲ್ಲವೆಂದು ಈ ಲೇಖಕನ ಅಭಿಪ್ರಾಯ.

ಅಪಾಯಗಳು ವಿರಳ, ಇಲ್ಲವೆಂದಲ್ಲ. ಮುದುಕರ ಚರ್ಮ ತೆಳುವಾದುದರಿಂದ ಸೂಜಿಯ ಎಡೆ ನೀಲಿಗಟ್ಟುವುದು ಸಾಮಾನ್ಯ. ರಕ್ತ ತೆಳುವಾಗಿಸುವ ಔಷಧ ನುಂಗುವವರು ಅದನ್ನು ಮೊದಲೇ ಹೇಳಬೇಕು. ಎದೆಯ ಮೇಲೂ ಬೆನ್ನಿನ ಮೇಲ್ಭಾಗದಲ್ಲಿಯೂ ಆಳಕ್ಕೆ ಚುಚ್ಚಿ ಪುಪ್ಪುಸವನ್ನು ಗಾಯಗೊಳಿಸಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ, ಬಡಕಲು ದೇಹದ ವೃದ್ಧರಲ್ಲಿ ಆ ಭಯ ಅಧಿಕ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ವಿದ್ಯುತ್ತು ಹಾಯಿಸುವ ಕ್ರಮ ನಿಷಿದ್ಧ. ಒಮ್ಮೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿದರೆ ಯಕೃತ್ತಿನ ಸೋಂಕು ಹರಡಬಲ್ಲುದು. ಮುಚ್ಚಿದ ಲಕೋಟೆಯನ್ನು ರೋಗಿಯ ಕಣ್ಣೆದುರಿನಲ್ಲಿಯೇ ಹರಿದು ಸೂಜಿಯನ್ನು ತೆಗೆಯುವುದು ಒಳ್ಳೆಯ ವೈದ್ಯನ ಲಕ್ಷಣ. ಮುಗಿದ ಮೇಲೆ ಇಟ್ಟ ಸೂಜಿಗಳೆಷ್ಟು, ತೆಗೆದುವೆಷ್ಟು ಎಂದು ಎಣಿಸಬೇಕು; ನೆತ್ತಿಯ ಕೂದಲಿನ ನಡುವಣದು ಮರೆತುಹೋಗುವುದು ಸುಲಭ. ಬಳಿಕ ಮುದುಕಿಯನ್ನು ಒಮ್ಮೆಲೇ ಎಬ್ಬಿಸದೆ, ಮಗ್ಗುಲಿಗೆ ಹೊರಳಿಸಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲಿಳಿಬಿಟ್ಟು ಕೂರಿಸಿ, ತಲೆ ತಿರುಗುವುದಿಲ್ಲವೆಂದು ಅವಳೇ ಹೇಳಿದ ಮೇಲೆ ನಿಲ್ಲಿಸಿ, ಕುಡಿಯಲು ನೀರು ಕೊಟ್ಟು, ಮುಂದೆ ಬರಬೇಕಾದ ವಾರವನ್ನು ಜೊತೆಗೆ ಬಂದವನಿಗೆ ಮಾತ್ರವಲ್ಲದೆ ಅವಳಿಗೂ ಹೇಳಿ ಕಳುಹಿಸಬೇಕು.